ತಾತನಿಗೆ ನಾನು ಕೊಟ್ಟ ಅಂಕ

ಆ ಕಂಪನಿಯ ಸಂದರ್ಶನಕ್ಕೆ ಹೋದ ದಿನ ಬಸ್ಸಿನಿಂದ ಇಳಿಯುವಾಗಲೇ ನನ್ನ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಸುತ್ತಮುತ್ತ ಚಪ್ಪಲಿ ಹೊಲಿಯುವವರು ಯಾರೂ ಕಾಣಲಿಲ್ಲ. ಕಂಡದ್ದು ಒಂಬತ್ತು ಅಂತಸ್ತಿನ ಗಾಜಿನ ಕಟ್ಟಡ ಮತ್ತು ಅದರ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ಕಾವಲುಗಾರ. ಕಾಲೆಳೆದುಕೊಂಡೇ ಒಳಗೆ ಹೋದೆ. ಸ್ವಾಗತದ ಮೇಜಿನ ಹಿಂದೆ ಕೂತಿದ್ದವಳು ಏನೂ ಕೇಳದೆ ಡ್ರಾಯರಿನಿಂದ ಸ್ಟೇಪ್ಲರ್ ತೆಗೆದು ಮುಂದಿಟ್ಟಳು.

"ನಾಲ್ಕು ಪಿನ್ನು ಹೊಡೀರಿ, ಸಂಜೆವರೆಗೂ ಬರುತ್ತೆ."

ಹೊಡೆದೆ.

ಆಗ ನನಗೆ ಮೂವತ್ತೊಂದು. ಅದಕ್ಕೆ ಮೊದಲು ಒಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ಬರೆದುಕೊಳ್ಳುವ ಕೆಲಸ ಮಾಡಿದ್ದೆ. ಫೋನು ಸತ್ತುಹೋಗಿದೆ, ಯಾರಿಗೆ ಮಾಡಿದರೂ ಆಸ್ಪತ್ರೆಗೆ ಹೋಗುತ್ತದೆ, ಪಕ್ಕದ ಮನೆಯ ಗಂಡಹೆಂಡಿರ ಜಗಳ ನನ್ನ ಫೋನಿನಲ್ಲಿ ಕೇಳುತ್ತಿದೆ, ದಯವಿಟ್ಟು ಇನ್ನೆರಡು ದಿನ ರಿಪೇರಿ ಮಾಡಬೇಡಿ. ಹೀಗೆ ದಿನಕ್ಕೆ ನೂರು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ನಮ್ಮ ಮೇಜುಗಳು ಒಂದೊಂದಾಗಿ ಖಾಲಿಯಾದವು. ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತೆ. ನಾಲ್ಕು ವರ್ಷದ ಮಗಳನ್ನು ಅತ್ತೆ ನೋಡಿಕೊಂಡರು. ಸಾಫ್ಟ್‌ವೇರ್ ಪರೀಕ್ಷಾ ವಿಭಾಗಕ್ಕೆ ಜನ ಬೇಕಾಗಿದ್ದಾರೆ, ಪದವಿ ಯಾವುದಾದರೂ ಆದೀತು ಎಂಬ ಜಾಹೀರಾತನ್ನು ಪತ್ರಿಕೆಯಲ್ಲಿ ಹುಡುಕಿ ಕತ್ತರಿಸಿಟ್ಟವರೂ ಅತ್ತೆಯೇ.

ಅವತ್ತು ಒಂದೇ ದಿನ ನಾಲ್ಕು ಸುತ್ತು. ಮೊದಲನೆಯವರು ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಯಲು ಹೇಳಿದರು. ಅರ್ಧ ಬರೆಯುವಷ್ಟರಲ್ಲಿ ಮಾರ್ಕರ್ ಒಣಗಿತು, ಅದಕ್ಕಿಂತ ಮೊದಲೇ ನನ್ನ ಬಾಯಿ ಒಣಗಿತ್ತು. ಎರಡನೆಯವರು ಈ ಊರಿನಲ್ಲಿ ಎಷ್ಟು ಕನ್ನಡಿಗಳಿರಬಹುದು ಎಂದು ಕೇಳಿದರು. "ನಮ್ಮನೇಲಿ ಎರಡಿವೆ," ಎಂದೆ. ಅವರು ನಗಲಿಲ್ಲ. ಮೂರನೆಯವರು ನನಗಿಂತ ಗೋಡೆ ಗಡಿಯಾರವನ್ನೇ ಹೆಚ್ಚು ನೋಡಿದರು. ಇನ್ನು ಮನೆಗೆ ಹೋಗಿ ಅತ್ತೆಗೆ ಏನು ಹೇಳುವುದು ಎಂದು ಮಾತು ಜೋಡಿಸಿಕೊಳ್ಳುತ್ತ ಕೂತಿದ್ದಾಗ ನಾಲ್ಕನೆಯವರು ಬಂದರು. ತಲೆ ತುಂಬ ಬೆಳ್ಳಿ ಕೂದಲು, ಮುಖಕ್ಕೆ ಮಾತ್ರ ನಲವತ್ತು ದಾಟಿದಂತಿರಲಿಲ್ಲ. ಕೈಯಲ್ಲಿ ನೀರಿನ ಲೋಟ. ಅದನ್ನು ನನ್ನ ಮುಂದಿಟ್ಟು, ನಾನು ಪೂರ್ತಿ ಕುಡಿಯುವವರೆಗೆ ತಮ್ಮ ಪೆನ್ನಿನ ಕ್ಯಾಪ್ ತೆಗೆಯಲಿಲ್ಲ.

"ಈ ಕಟ್ಟಡದಲ್ಲಿ ಒಂದು ಲಿಫ್ಟ್ ಇದೆ. ಅದು ಸರಿಯಾಗಿದೆಯೋ ಇಲ್ವೋ ಅಂತ ಹೇಗೆ ಪರೀಕ್ಷೆ ಮಾಡ್ತೀರಿ?"

ನನಗೆ ಗೊತ್ತಿದ್ದ ಕೆಲಸ ಒಂದೇ. "ಅದರ ಮೇಲೆ ಇದುವರೆಗೆ ಯಾರ್ಯಾರು ಏನೇನು ದೂರು ಕೊಟ್ಟಿದ್ದಾರೆ ಸರ್?" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಇಷ್ಟು ದಿನದಲ್ಲಿ ಇದನ್ನ ಒಬ್ಬರೂ ಕೇಳಿರ್ಲಿಲ್ಲ. ನನಗೂ ಗೊತ್ತಿಲ್ಲ. ಬನ್ನಿ, ಹೋಗಿ ಕೇಳೋಣ."

ಹೀಗೆ ನನ್ನ ನಾಲ್ಕನೇ ಸುತ್ತಿನ ಸಂದರ್ಶನ ಲಿಫ್ಟಿನಲ್ಲಿ ನಡೆಯಿತು. ಒಂಬತ್ತು ಅಂತಸ್ತು ಮೇಲಕ್ಕೆ ಹೋದೆವು, ಕೆಳಕ್ಕೆ ಬಂದೆವು, ಹತ್ತಿದವರನ್ನೆಲ್ಲ ಕೇಳಿದೆವು. ಎಲ್ಲರೂ ಲಿಫ್ಟು ತುಂಬ ಚೆನ್ನಾಗಿದೆ ಎಂದರು. ಐದನೇ ಮಹಡಿಯಲ್ಲಿ ನೆಲ ಒರೆಸುವಾಕೆ ಹತ್ತಿದರು. ಅವರು ಮಾತ್ರ ಬಾಯಿ ಬಿಟ್ಟರು. "ಇದಕ್ಕೆ ಮನುಷ್ಯರು ಕಾಣ್ತಾರೆ, ಬಕೆಟ್ ಕಾಣಲ್ಲಮ್ಮ. ಕೈ ಅಡ್ಡ ಇಟ್ರೆ ಬಾಗಿಲು ತೆರೀತದೆ. ಬಕೆಟ್ ಇಟ್ರೆ ಅದರ ಮೇಲೇ ಮುಚ್ಕೊಳ್ತದೆ. ಎರಡು ಬಕೆಟ್ ಒಡೆದಿದೆ, ಎರಡು ಸಲಾನೂ ನನ್ನನ್ನೇ ಬೈದ್ರು."

ಬಾಗಿಲ ಕಣ್ಣು ಸೊಂಟದ ಎತ್ತರದಲ್ಲಿತ್ತು, ಅದಕ್ಕಿಂತ ಕೆಳಗಿದ್ದದ್ದು ಅದಕ್ಕೆ ಕಾಣುತ್ತಿರಲಿಲ್ಲ. ನಿಜವೋ ಸುಳ್ಳೋ ನೋಡೋಣವೆಂದು ನಾನು ಎಡಗಾಲಿನ ಚಪ್ಪಲಿ ಕಳಚಿ ಬಾಗಿಲ ನಡುವೆ ಇಟ್ಟೆ. ಬಾಗಿಲು ದಾಕ್ಷಿಣ್ಯವಿಲ್ಲದೆ ಬಂದು ಅದನ್ನು ಕಚ್ಚಿತು. ನಾಲ್ಕು ಪಿನ್ನುಗಳೂ ಹಾರಿದವು. ಅವರು ಬಗ್ಗಿ ಒಂದೊಂದೇ ಪಿನ್ನು ಹೆಕ್ಕಿದರು. ಅವರ ಹೆಗಲು ಕುಲುಕುತ್ತಿದ್ದುದು ನೋಡಿ ನನಗೂ ನಗು ತಡೆಯಲಾಗಲಿಲ್ಲ.

"ಇದಕ್ಕೂ ಮುಂಚೆ ಒಂದು ಮಗು ಅಂಬೆಗಾಲಿಟ್ಕೊಂಡು ಬಂದಿದ್ರೆ?" ಎಂದು ನಾನು ಕೇಳಿದಾಗ ಇಬ್ಬರ ನಗುವೂ ನಿಂತಿತು. ಅವರು ಅಲ್ಲಿಂದಲೇ ಕಟ್ಟಡದ ಮೇಲ್ವಿಚಾರಕನಿಗೆ ಫೋನು ಮಾಡಿ, ರಿಪೇರಿಯವರು ಬರುವವರೆಗೆ ಲಿಫ್ಟು ನಿಲ್ಲಿಸಿದರು. ಒಂಬತ್ತು ಅಂತಸ್ತಿನ ಜನ ಆ ಮಧ್ಯಾಹ್ನ ಮೆಟ್ಟಿಲು ಹತ್ತಿ ಇಳಿದು ಶಾಪ ಹಾಕಿದರಂತೆ. ಹತ್ತು ದಿನಕ್ಕೆ ನನಗೆ ಕೆಲಸದ ಪತ್ರ ಬಂತು.

ಆಫೀಸಿನಲ್ಲಿ ಆ ಬೆಳ್ಳಿ ಕೂದಲಿನವರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಕೂದಲು ಇಪ್ಪತ್ತೈದಕ್ಕೇ ನೆರೆತದ್ದಂತೆ. ಹೊಸದಾಗಿ ಸೇರಿದವರಲ್ಲಿ ವಯಸ್ಸಿನಲ್ಲಿ ದೊಡ್ಡವಳು ನಾನೇ ಆದ್ದರಿಂದ ನನ್ನನ್ನು ಅಕ್ಕ ಎಂದು ಕರೆದರು. ತಾತನೂ ಅಕ್ಕ ಎಂದೇ ಕರೆದರು. ಹತ್ತು ವರ್ಷ ದೊಡ್ಡವರು ನನ್ನನ್ನು ಅಕ್ಕ ಎನ್ನುವುದು, ನಾನು ಅವರನ್ನು ತಾತ ಎನ್ನುವುದು, ಈ ನಂಟಸ್ತಿಕೆ ಹೇಗೆ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಿದ್ದರು.

ನಮ್ಮ ತಂಡದ ಪಾಲಿಗೆ ಇದ್ದದ್ದು ಇ-ಮೇಲ್. ಬೇರೆಯವರು ಅದನ್ನು ಕಟ್ಟುತ್ತಿದ್ದರು, ನಾವು ಮುರಿಯಲು ನೋಡುತ್ತಿದ್ದೆವು. ಮುರಿದರೆ ನಮ್ಮ ಗೆಲುವು, ಆದರೂ ಕಟ್ಟಿದವರ ಮುಖ ನೋಡಿ ಸಂತೋಷ ತೋರಿಸುವಂತಿಲ್ಲ. ಮೂರನೇ ಮಹಡಿಯ ಕಿಟಕಿಯ ಪಕ್ಕ ನಮ್ಮ ಮೇಜುಗಳು. ಗೋಡೆಯ ಮೇಲೆ ಹಳದಿ ಚೀಟಿಗಳು, ಒಂದೊಂದರಲ್ಲಿ ಒಂದೊಂದು ತಪ್ಪು. ಸರಿಯಾದ ಚೀಟಿಯನ್ನು ತಾತ ಕಿತ್ತು ಹರಿಯುತ್ತಿರಲಿಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. "ಸತ್ತಿದೆ ಅಂದ್ಕೊಂಡಿದ್ದು ಎದ್ದು ಬರುತ್ತೆ ಅಕ್ಕ. ಗುರುತು ಹಿಡಿಯೋಕೆ ಬೇಕು," ಎನ್ನುತ್ತಿದ್ದರು. ಎಷ್ಟೋ ಸಲ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ.

ಒಮ್ಮೆ ಹೊಸ ಆವೃತ್ತಿಯ ಬಿಡುಗಡೆಯ ದಿನ ಬೆಳಿಗ್ಗೆ ತಾತ ಅಡ್ಡ ಕೂತುಬಿಟ್ಟರು. ಹೊಸ ಪರದೆಯಲ್ಲಿ 'ಅಳಿಸು' ಮತ್ತು 'ಕಳಿಸು' ಎಂಬ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದವು, ಒಂದೇ ಬಣ್ಣ, ಒಂದೇ ಅಳತೆ. ವ್ಯತ್ಯಾಸ ಒಂದೇ ಒಂದು ಅಕ್ಷರ. ವಿನ್ಯಾಸ ಮಾಡಿದವರು, ಕಣ್ಣಿದ್ದವರಿಗೆ ಕಾಣುತ್ತದೆ ಎಂದು ವಾದಿಸಿದರು. ತಾತ ತಣ್ಣಗೆ ಹೇಳಿದರು: "ಒಳ್ಳೇ ಮಾತು ಬರೆದದ್ದು ಅಳಿಸಿ ಹೋದ್ರೆ ಇನ್ನೊಂದು ಸಲ ಬರೀಬಹುದು. ಸಿಟ್ಟಲ್ಲಿ ಬರೆದು, ಬೇಡಪ್ಪ ಅಂತ ಅಳಿಸೋಕೆ ಹೋಗಿ ಕಳಿಸಿಬಿಟ್ರೆ? ಆ ಸಂಸಾರ ನೀವು ಸರಿ ಮಾಡ್ತೀರಾ?" ನಮ್ಮ ಮ್ಯಾನೇಜರು ಯಾವತ್ತೂ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ, ಅವರಿಗೆ 'ಎರಡ್ಮಾತು' ಎಂದೇ ಹೆಸರು. ಅವತ್ತೂ ಅಷ್ಟೇ. "ನಿಲ್ಲಿಸಿ. ಬದಲಾಯಿಸಿ." ಬಿಡುಗಡೆ ಒಂದು ವಾರ ಮುಂದೆ ಹೋಯಿತು.

ಸಂದರ್ಶನ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ಮೊದಲ ಆರು ತಿಂಗಳು ಅವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಿದೆ. ಮೊದಲ ಪ್ರಶ್ನೆ ಬಂದವರಿಗೆ ಖಂಡಿತ ಗೊತ್ತಿರುವಂಥದ್ದಾಗಿರಬೇಕು. ಅವರು ಯೋಚಿಸುವಾಗ ನಾವು ಏನನ್ನೂ ಗೀಚಬಾರದು, ಪೆನ್ನಿನ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ಮುಗಿದ ಮೇಲೆ ಕೆಳಗಿನ ಬಾಗಿಲವರೆಗೆ ಹೋಗಿ ಕಳಿಸಿಕೊಡಬೇಕು. "ಕೆಲಸ ಸಿಗದೇ ಹೋಗ್ಲಿ, ಮುಖ ಸಣ್ಣ ಮಾಡ್ಕೊಂಡು ಹೋಗಬಾರದು," ಎನ್ನುತ್ತಿದ್ದರು. ಹಾಗೆಂದು ಅವರದು ಮೆದು ಕೈ ಏನಲ್ಲ. ಹತ್ತು ಜನರಲ್ಲಿ ಒಂಬತ್ತು ಜನರನ್ನು ಬೇಡವೆಂದೇ ಬರೆಯುತ್ತಿದ್ದರು. ಬೇಡವೆಂದವರು ಕೂಡ ವರ್ಷಗಳಾದ ಮೇಲೆ ಬೀದಿಯಲ್ಲಿ ಸಿಕ್ಕಿ ಅವರಿಗೆ ಕೈ ಮುಗಿದದ್ದನ್ನು ನೋಡಿದ್ದೇನೆ.

ಆ ವರ್ಷಗಳು ಹೇಗೆ ಹೋದವೋ. ಮಗಳು ಕಾಲೇಜು ಮುಟ್ಟಿದಳು. ಕಂಪನಿ ಒಂದು ಕಟ್ಟಡದಿಂದ ನಾಲ್ಕಾಯಿತು. ಊಟದ ಹೊತ್ತಿಗೆ ಒಂದೇ ಮೇಜಿನ ಸುತ್ತ ಡಬ್ಬಿ ಬಿಚ್ಚುತ್ತಿದ್ದ ನಾವು ಏಳು ಜನ ಏಳು ದಿಕ್ಕಿನ ತಂಡಗಳಿಗೆ ಹಂಚಿಹೋದೆವು. ಹಳದಿ ಚೀಟಿ ಹೋಗಿ ಪರದೆಯ ಮೇಲೆ ಪಟ್ಟಿ ಬಂತು. ಸಂದರ್ಶನವೂ ಬದಲಾಯಿತು. ಪ್ರಶ್ನೆಗಳ ಭಂಡಾರವೊಂದನ್ನು ಮಾಡಿ, ಅದರಿಂದಲೇ ಕೇಳಬೇಕು, ನಲವತ್ತೈದು ನಿಮಿಷಕ್ಕೆ ಮುಗಿಸಬೇಕು, ನಾಲ್ಕು ವಿಷಯಕ್ಕೆ ನಾಲ್ಕು ನಾಲ್ಕು ಅಂಕ, ಹದಿನಾರರಲ್ಲಿ ಹನ್ನೆರಡು ಬಂದರೆ ಹೌದು, ಇಲ್ಲದಿದ್ದರೆ ಇಲ್ಲ ಎಂದು ನಿಯಮ ಮಾಡಿದರು. ಅದರಲ್ಲಿ ನ್ಯಾಯವೂ ಇತ್ತು ಎನ್ನಬೇಕು. ಮೊದಲು ಒಬ್ಬೊಬ್ಬರು ಒಂದೊಂದು ತಕ್ಕಡಿಯಲ್ಲಿ ತೂಗುತ್ತಿದ್ದರು. ತಾತ ಮಾತ್ರ ಲಿಫ್ಟಿನ ಪ್ರಶ್ನೆಯನ್ನು ಬಿಡಲಿಲ್ಲ. ಆಮೇಲೆ ಒಂದು ದಿನ ನಾವಿಬ್ಬರೂ ಒಬ್ಬ ಅಭ್ಯರ್ಥಿಯ ಮುಂದೆ ಕೂತಿದ್ದೆವು. ತಾತ ಲಿಫ್ಟ್ ಎಂದದ್ದೇ ತಡ, ಆತ ಕಣ್ಣು ಮುಚ್ಚಿ ಮಗ್ಗಿಯಂತೆ ಐವತ್ತೆರಡು ಅಂಶ ಒಪ್ಪಿಸಿದ. ಮೂವತ್ತೇಳನೆಯದು: "ಬಾಗಿಲ ನಡುವೆ ಒಂದು ಚಪ್ಪಲಿ ಇಟ್ಟು ನೋಡುತ್ತೇನೆ."

"ಚಪ್ಪಲಿಯೇ ಯಾಕೆ?" ಎಂದು ತಾತ ಕೇಳಿದರು.

ಆತ ಕಣ್ಣು ಬಿಟ್ಟ. "ಗೊತ್ತಿಲ್ಲ ಸರ್. ಇಂಟರ್ನೆಟ್ಟಲ್ಲಿ ಚಪ್ಪಲಿ ಅಂತಾನೇ ಇದೆ."

ಆವತ್ತು ಸಂಜೆ ತಾತ ಆ ಪ್ರಶ್ನೆಯನ್ನು ಕೈಬಿಟ್ಟರು. ನಾವಿಬ್ಬರೂ ನಕ್ಕದ್ದು ನಿಜ. ಆದರೆ ಬಸ್ ನಿಲ್ದಾಣದಲ್ಲಿ ಅವರು ತಮ್ಮ ಬಸ್ಸು ಬಂದರೂ ಹತ್ತದೆ ಬಿಟ್ಟರು.

ನಾನು ಸೇರಿ ಹದಿನೈದನೇ ವರ್ಷ ನಡೆಯುತ್ತಿದ್ದಾಗ ಮೂರು ವಿಭಾಗಗಳನ್ನು ಸೇರಿಸಿ ಒಂದು ಮಾಡುವ ತೀರ್ಮಾನ ಬಂತು. ಅರವತ್ತು ಜನರಿದ್ದ ಕಡೆ ಮೂವತ್ತೆಂಟು ಹುದ್ದೆ. ಅವರವರ ಕುರ್ಚಿಗೆ ಅವರವರೇ ಹೊಸದಾಗಿ ಅರ್ಜಿ ಹಾಕಿ, ಸಂದರ್ಶನ ಕೊಟ್ಟು ಗೆಲ್ಲಬೇಕು. ಸಂದರ್ಶನ ಮಾಡುವವರ ಪಟ್ಟಿಯಲ್ಲಿ ನಾನಿದ್ದೆ; ಎರಡು ವರ್ಷದ ಹಿಂದೆಯೇ ನನಗೆ ಬಡ್ತಿಯಾಗಿ ಬೇರೆ ವಿಭಾಗಕ್ಕೆ ಹೋಗಿದ್ದರಿಂದ ನನ್ನ ಕುರ್ಚಿಗೆ ಸಂಚಕಾರ ಇರಲಿಲ್ಲ. ನನಗೆ ಬಂದ ಏಳು ಹೆಸರುಗಳಲ್ಲಿ ಕೊನೆಯದು ತಾತನದು.

ಎರಡ್ಮಾತಿನ ಹತ್ತಿರ ಹೋದೆ. "ಇದು ನನ್ನಿಂದಾಗಲ್ಲ ಸರ್. ನನಗೆ ಕೆಲಸ ಕೊಟ್ಟೋರು ಅವರು."

ಅವರು ಕನ್ನಡಕ ತೆಗೆದು ಒರೆಸಿದರು. "ಯಾರಾದರೂ ಮಾಡಬೇಕಲ್ಲ," ಎಂದರು. ಆಮೇಲೆ, ಅವರ ಲೆಕ್ಕಕ್ಕೆ ಭಾಷಣವೇ ಆಗುವಷ್ಟು ಮಾತಾಡಿದರು: "ಬೇರೆಯವರಿಗೆ ಅವರು ಯಾರೂಂತಲೇ ಗೊತ್ತಿಲ್ಲ. ಅವರನ್ನೇ ಕೇಳಿ. ಅವರು ಬೇಡ ಅಂದ್ರೆ ಬೇಡ."

ಮನೆಯಲ್ಲಿ ಹೇಳಿದಾಗ ಅತ್ತೆ ಕೆಂಡವಾದರು. "ಹದಿನೈದು ವರ್ಷ ದಿನಾ ನೋಡಿದ್ದೀರಲ್ಲ, ಇನ್ನೂ ನಲವತ್ತೈದು ನಿಮಿಷ ಏನು ನೋಡ್ತೀರಂತೆ?"

ತಾತನನ್ನು ಕೇಳಲು ಅವರ ಮೇಜಿನ ಬಳಿ ಹೋದರೆ ಅವರು ಒಂದು ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆದು ಅಭ್ಯಾಸ ಮಾಡುತ್ತಿದ್ದರು, ಶಾಲೆಯ ಮಕ್ಕಳಂತೆ ಗೆರೆ ಎಳೆದು. ನನ್ನನ್ನು ಕಂಡು ಪುಸ್ತಕ ಮುಚ್ಚಿದರು.

"ನೀವೇ ಮಾಡಿ ಅಕ್ಕ. ಗುರುತಿಲ್ಲದೋರ ಎದುರು ಬೆವರೋದಕ್ಕಿಂತ ನಿಮ್ಮೆದುರು ಬೆವರಿದ್ರೆ ವಾಸಿ. ಆದ್ರೆ ಒಂದು. ಬೇರೆಯವರಿಗೆ ಕೇಳಿದ್ದನ್ನೇ ನನಗೂ ಕೇಳ್ಬೇಕು. ಬೇರೆಯವರಿಗೆ ಹಾಕಿದ ಹಾಗೇ ಅಂಕ ಹಾಕ್ಬೇಕು. ಮಾತು ಕೊಡ್ತೀರಾ?"

ಕೊಟ್ಟೆ. ಕೊಡದೆ ಏನು ಮಾಡಲಿ?

ಸಂದರ್ಶನದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ನೀರು ತಂದಿಟ್ಟೆ. ಕುಡಿದರು. ಮೊದಲು ಸುಲಭದ್ದೊಂದು ಕೇಳಿದೆ, ಉತ್ತರಿಸಿದರು. ಆಮೇಲೆ ಭಂಡಾರದ ಪ್ರಶ್ನೆ. ಒಂದು ಗುಂಪಿನಲ್ಲಿ ಹತ್ತು ಜನ ಒಟ್ಟಿಗೆ ಸಂದೇಶ ಬರೆದರೆ ಎಲ್ಲರ ಫೋನಿನಲ್ಲೂ ಅವು ಒಂದೇ ಕ್ರಮದಲ್ಲಿ ಕಾಣಬೇಕು. ಹಾಗೆ ಕಾಣುತ್ತಿದೆಯೇ ಎಂದು ನೋಡುವ ಪ್ರೋಗ್ರಾಂ ಬರೆಯಬೇಕು. ಉಳಿದ ಆರು ಜನ ಪ್ರಶ್ನೆ ಓದಿದೊಡನೆ ಕೀಲಿಮಣೆಗೆ ಕೈ ಹಾಕಿದ್ದರು. ತಾತ ಕುರ್ಚಿಗೆ ಒರಗಿ ಕೂತರು.

"ಒಬ್ಬರ ಫೋನು ಒಂದು ವಾರ ಆಫ್ ಆಗಿದೆ. ಆಸ್ಪತ್ರೇಲಿದ್ರು ಅಂದ್ಕೊಳ್ಳಿ. ಬಂದು ತೆರೆದಾಗ ಅವರಿಗೆ ಯಾವುದು ಮೊದಲು ಕಾಣಬೇಕು? ಅವರು ಆಸ್ಪತ್ರೆಗೆ ಹೋಗೋ ಮುಂಚೆ ಬರೆದು, ಹೋಗದೇ ಉಳಿದ ಸಂದೇಶ ಈಗ ಹೋಗುತ್ತೆ. ಅದು ಹೋದ ವಾರದ ಮಾತಾ, ಇವತ್ತಿನ ಮಾತಾ? ಯಾರೋ ಒಬ್ಬರು ಸತ್ತ ಸುದ್ದಿಯ ಕೆಳಗೆ 'ತುಂಬಾ ಸಂತೋಷ' ಅಂತ ಬಂದು ಕೂತ್ರೆ?"

ಪ್ರಶ್ನೆ ಬರೆದವರಿಗೆ ಇದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಹೀಗೆ ಒಂಬತ್ತು ತೂತು ಹುಡುಕಿದರು, ಒಂದೊಂದೂ ನಿಜವಾದ ಮನುಷ್ಯರಿಗೆ ಒಂದಲ್ಲ ಒಂದು ದಿನ ಎದುರಾಗುವಂಥದ್ದು. ನಾನು ಮೈಮರೆತು ಕೇಳುತ್ತಿದ್ದೆ. ಎಚ್ಚರಾಗುವ ಹೊತ್ತಿಗೆ ಇಪ್ಪತ್ತೆಂಟು ನಿಮಿಷ ಕಳೆದಿತ್ತು.

"ತಾತ, ಇನ್ನು ಬರೀಬೇಕು."

ಅವರು ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ಹೊಸ ಭಾಷೆ, ನೋಟ್‌ಬುಕ್ಕಿನಲ್ಲಿ ಕಲಿತದ್ದು. ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಪರದೆ ಕೆಂಪಾಯಿತು. ಅದು ಎಲ್ಲಿ ಎಂದು ಹುಡುಕುತ್ತ ಹೋದರು. ನನಗೆ ಕಾಣುತ್ತಿತ್ತು. ನಾಲ್ಕನೇ ಸಾಲಿನ ತುದಿ. ಉಳಿದ ಆರು ಜನರಿಗೆ ನಾನು ಇಂಥದ್ದನ್ನು ತೋರಿಸಿರಲಿಲ್ಲ. ಮೇಜಿನ ಕೆಳಗೆ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತೆ. ಅವರು ಹುಡುಕಿ, ಸರಿಪಡಿಸಿ, ಅರ್ಧ ಬರೆಯುವಷ್ಟರಲ್ಲಿ ಹೊತ್ತು ಮುಗಿಯಿತು.

"ಆಯ್ತಲ್ಲ," ಎಂದು ಎದ್ದರು. ಕೆಳಗಿನ ಬಾಗಿಲವರೆಗೆ ಹೋಗಿ ಕಳಿಸೋಣವೆಂದರೆ ಅವರು ಹೋಗಬೇಕಾದದ್ದು ಅದೇ ಮಹಡಿಯ ಅವರ ಮೇಜಿಗೆ. ಮೂವತ್ತು ಹೆಜ್ಜೆ. ಇಬ್ಬರೂ ನಡೆದೆವು.

ನಾನು ಒಂದೂವರೆ ಪುಟ ಬರೆದೆ. ಈ ಹದಿನೈದು ವರ್ಷದಲ್ಲಿ ಅವರು ಹಿಡಿದ ತಪ್ಪುಗಳು, ನಿಲ್ಲಿಸಿದ ಬಿಡುಗಡೆಗಳು, ತಯಾರು ಮಾಡಿದ ಜನ, ಎಲ್ಲ. ಅದು ಅರ್ಧ ದಿನದಲ್ಲಿ ತಿರುಗಿ ಬಂತು: ಸಂದರ್ಶನದಲ್ಲಿ ನಡೆದದ್ದನ್ನು ಮಾತ್ರ ಬರೆಯತಕ್ಕದ್ದು. ಮತ್ತೆ ಕೂತೆ. ಯೋಚನಾಶಕ್ತಿಗೆ ನಾಲ್ಕು. ಅದು ನಾಲ್ಕಕ್ಕೆ ಹದಿನಾಲ್ಕು ಕೊಡುವಂಥದ್ದು, ಆದರೆ ಕೊಡಲು ಜಾಗವಿರಲಿಲ್ಲ. ಮಾತುಕತೆಗೆ ನಾಲ್ಕು. ಪ್ರೋಗ್ರಾಂ ಬರವಣಿಗೆಗೆ ಎರಡು. ವೇಗಕ್ಕೆ ಒಂದು. ಹನ್ನೊಂದಾಯಿತು. ಆರು ಜನರಲ್ಲಿ ಅಷ್ಟೇ ಬರೆದಿದ್ದ ಇನ್ನೊಬ್ಬರಿಗೆ ವೇಗಕ್ಕೆ ಒಂದೇ ಹಾಕಿದ್ದೆ. ಮೌಸು ಹಿಡಿದು ಆ ಒಂದರ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಎರಡು ಎಂದು ಒತ್ತಿದರೆ ಕೇಳುವವರು ಯಾರೂ ಇರಲಿಲ್ಲ. ಕೊನೆಗೆ ಒಂದನ್ನೇ ಬಿಟ್ಟು ಕಳಿಸಿದೆ. ಒಬ್ಬೊಬ್ಬರಿಗೂ ಮೂವರು ಸಂದರ್ಶಕರಿರುತ್ತಿದ್ದರು, ಇಬ್ಬರು ಹೌದು ಎಂದರೆ ಸಾಕಿತ್ತು. ಒಬ್ಬರು ಹೌದು, ಒಬ್ಬರು ಇಲ್ಲ ಎಂದು ಬರೆದಿದ್ದರೆಂದು ಆಮೇಲೆ ಗೊತ್ತಾಯಿತು. ಮೂರನೆಯದು ನನ್ನದು.

ಪಟ್ಟಿ ಬರುವ ಮೊದಲೇ ನಾನೇ ಹೋಗಿ ಹೇಳಿದೆ. ಅವರು ತಲೆ ಆಡಿಸಿದರು. "ವೇಗಕ್ಕೆ ಎಷ್ಟು ಹಾಕಿದ್ರಿ?"

"ಒಂದು."

"ಸರಿ ಇದೆ," ಎಂದರು. ಅಷ್ಟೇ. ಮೇಜಿನ ಡ್ರಾಯರು ಖಾಲಿ ಮಾಡತೊಡಗಿದರು. ನಾನು ಸಹಾಯ ಮಾಡಲು ಕೈ ಚಾಚಿದರೆ, "ಬೇಡ, ನೀವು ಹೋಗಿ," ಎಂದರು. ಆ ಹದಿನೈದು ವರ್ಷದಲ್ಲಿ ಅವರು ನನ್ನನ್ನು ಹೋಗಿ ಎಂದದ್ದು ಅದೊಂದೇ ಸಲ.

ಎರಡು ವಾರ ಅವರು ನನ್ನ ಫೋನು ಎತ್ತಲಿಲ್ಲ. ಮೂರನೇ ವಾರ ಎತ್ತಿದರು. ಐವತ್ತಾರು ವರ್ಷಕ್ಕೆ ಬೇರೆ ಕೆಲಸ ಹುಡುಕುತ್ತಿದ್ದೇನೆ, ಎರಡು ಕಡೆ ಆಗಲೇ ಸೋತೆ, ಮನೆಯಲ್ಲಿ ಹೆಂಡತಿಯೆದುರು ಅಭ್ಯಾಸ ಮಾಡಲು ನಾಚಿಕೆ ಎಂದರು. "ಭಾನುವಾರ ನಮ್ಮನೆಗೆ ಬನ್ನಿ," ಎಂದೆ.

ಹಾಗೆ ಶುರುವಾದದ್ದು ಐದು ತಿಂಗಳು ನಡೆಯಿತು. ನನ್ನ ಇಡೀ ನೌಕರಿಯಲ್ಲಿ ಯಾವ ದಿನಗಳು ಮತ್ತೆ ಬರಲಿ ಎಂದು ಕೇಳಿದರೆ ನಾನು ಆ ಭಾನುವಾರಗಳನ್ನೇ ಹೇಳುತ್ತೇನೆ, ಅವು ನೌಕರಿಯ ದಿನಗಳೇ ಅಲ್ಲದಿದ್ದರೂ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬರುತ್ತಿದ್ದರು, ಸಂದರ್ಶನಕ್ಕೆ ಬಂದವರಂತೆ ಬಿಳಿ ಅಂಗಿ ಹಾಕಿಕೊಂಡು. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ನಾನು ಪ್ರೋಗ್ರಾಂ ಬರೆಸುತ್ತಿದ್ದೆ. ಮಗಳು ಅವರಿಗೆ ಹತ್ತು ಬೆರಳಿನ ಟೈಪಿಂಗ್ ಕಲಿಸಿದಳು. ಗಂಡ ಅಡುಗೆಮನೆಯಿಂದ ಕಾಫಿ ಸರಬರಾಜು ಮಾಡುತ್ತ, "ಈ ಮನೇಲಿ ಕೆಲಸ ಸಿಗಬೇಕಂದ್ರೆ ಎಷ್ಟು ಸುತ್ತು?" ಎಂದು ಚುಡಾಯಿಸುತ್ತಿದ್ದರು.

ಮಾತಿನ ಸುತ್ತಿಗೆ ಅತ್ತೆ. ಅವರು ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. "ನಾನೂ ಜನಾನ ಕೆಲಸಕ್ಕಿಟ್ಕೊಂಡವಳೇ. ಒಂದು ಗುಂಡಿ ಹೊಲಿಯೋಕೆ ಕೊಡ್ತಿದ್ದೆ. ದಾರ ಕಡಿಯೋವಾಗ ಕತ್ತರಿ ಹುಡುಕ್ತಾಳಾ, ಹಲ್ಲಲ್ಲಿ ಕಡೀತಾಳಾ ಅಂತ ನೋಡಿದ್ರೆ ಸಾಕು, ಗೊತ್ತಾಗ್ತಿತ್ತು," ಎನ್ನುತ್ತ ಕನ್ನಡಕ ಏರಿಸಿ ತಾತನ ಎದುರು ಕೂರುತ್ತಿದ್ದರು. ಒಂದು ಭಾನುವಾರ ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ನೋಡಿ, ಬಿಟ್ಟು ಬಂದ ಕಂಪನಿ ಹೆಸರು ಹನ್ನೊಂದು ಸಲ ಹೇಳಿದ್ರಿ. ನಾನು ಎಣಿಸಿದೆ. ನನ್ನ ಅಂಗಡಿ ಬಗ್ಗೆ ಒಂದು ಮಾತು ಕೇಳ್ಲಿಲ್ಲ. ನಿಮ್ಮನ್ನ ಇಟ್ಕೊಂಡ್ರೆ ನಾನು ದಿನಾ ನಿಮ್ಮ ಹಳೇ ಯಜಮಾನರ ಕಥೆ ಕೇಳ್ಬೇಕಾ?"

ತಾತ ಕೆಂಪಾದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಅಂಗಡಿಗೆ ಬಂದ ಗಿರಾಕಿಗಳು ಏನಂತ ದೂರ್ತಿದ್ರು ಅಮ್ಮ?"

"ಹಾಗೆ ಬನ್ನಿ ದಾರಿಗೆ," ಎಂದು ಅತ್ತೆ ಮಧ್ಯಾಹ್ನದವರೆಗೆ ದೂರುಗಳ ಕಥೆ ಹೇಳಿದರು.

ಅದೇ ದಿನ, ಅವರು ಹೊರಡುವಾಗ, ಗೇಟಿನ ಬಳಿ ನಾನು ಹೇಳಿಯೇಬಿಟ್ಟೆ. "ವೇಗಕ್ಕೆ ಎರಡು ಹಾಕಬಹುದಿತ್ತು ತಾತ. ಯಾರೂ ಕೇಳ್ತಿರ್ಲಿಲ್ಲ."

ಅವರು ಗೇಟಿನ ಚಿಲಕ ಹಿಡಿದು ನಿಂತರು. "ಸುಳ್ಳು ಹೇಳಲ್ಲ ಅಕ್ಕ. ನಿಮ್ಮಿಂದ ಮಾತು ತಗೊಂಡವನು ನಾನೇ. ಆದ್ರೂ ನೀವು ಮಾತು ತಪ್ಪಿ ಹಾಕ್ತೀರಿ ಅಂತ ಒಳಗೊಳಗೆ ಆಸೆ ಇತ್ತು. ಹಾಕ್ಲಿಲ್ಲ ಅಂತ ಎರಡು ವಾರ ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆಮೇಲೆ ಕೂತು ಯೋಚನೆ ಮಾಡ್ದೆ. ನಾನು ಬೇಡ ಅಂತ ಬರೆದ ಎಷ್ಟು ಜನಕ್ಕೆ ಹೀಗೇ ಆಗಿರಬೇಡ? ಒಬ್ಬರನ್ನೂ ತಿರುಗಿ ಕೇಳಿರ್ಲಿಲ್ಲ ನಾನು."

ಅವರೇ ಚಿಲಕ ತೆಗೆದು, "ಮುಂದಿನ ವಾರ ಆ ಕ್ರಮದ ಪ್ರಶ್ನೆ ಇನ್ನೊಂದು ಸಲ ಮಾಡೋಣ. ಈಗ ಬರುತ್ತೆ ನನಗೆ," ಎಂದು ಹೋದರು.

ಒಟ್ಟು ಎಂಟು ಕಡೆ ಸಂದರ್ಶನಕ್ಕೆ ಹೋದರು. ಏಳರಲ್ಲಿ ಆಗಲಿಲ್ಲ. ಎಂಟನೆಯದು ಬಸ್ಸಿನ ಕಂಡಕ್ಟರುಗಳು ಹಿಡಿಯುವ ಟಿಕೆಟ್ ಯಂತ್ರ ಮಾಡುವ ಪುಟ್ಟ ಕಂಪನಿ, ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ, ಒಂಬತ್ತು ಜನ. ಅಲ್ಲಿ ತಾತ ತಾವು ಬಿಟ್ಟುಬಂದ ಕಂಪನಿಯ ಹೆಸರೆತ್ತಲಿಲ್ಲವಂತೆ. ಕಂಡಕ್ಟರುಗಳು ಏನಂತ ದೂರುತ್ತಾರೆ ಎಂದು ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದಲೇ ಆ ಕಂಪನಿಯ ಯಜಮಾನಿಯನ್ನು ಕರೆದುಕೊಂಡು ಬಸ್ಸು ಹತ್ತಿದರಂತೆ. ಕೆಲಸ ಸಿಕ್ಕಿದ ವಿಷಯ ಹೇಳಲು ಫೋನು ಮಾಡಿದಾಗ ಅವರು ಮೊದಲು ಕೇಳಿದ್ದು, "ಅಮ್ಮ ಇದ್ದಾರಾ? ಅವರಿಗೆ ಕೊಡಿ."

ಆರು ವರ್ಷ ಅಲ್ಲಿ ಕೆಲಸ ಮಾಡಿದರು. ಒಮ್ಮೆ ರಜೆ ಹಾಕಿ ನೋಡಲು ಹೋಗಿದ್ದೆ. ಮೇಜಿನ ಮೇಲೆ ಬಿಚ್ಚಿದ ಯಂತ್ರಗಳು, ಸುರುಳಿ ಸುರುಳಿ ಕಾಗದ. ಕೆಳಗಿನಿಂದ ಸೈಕಲ್ಲಿಗೆ ಗಾಳಿ ಹಾಕುವ ಸದ್ದು. ಇವರಿಗೆ ಅಲ್ಲಿ ತಾತ ಎಂಬ ಹೆಸರಿಲ್ಲ, ಸರ್ ಎನ್ನುತ್ತಿದ್ದರು. ನಾನೊಬ್ಬಳೇ ತಾತ ಎಂದೆ. ಅವರು ತೊದಲುವ ಉತ್ಸಾಹದಲ್ಲಿ, ಗುಂಡಿಗಳನ್ನು ದೊಡ್ಡದು ಮಾಡಿಸಿದ ಕಥೆ ಹೇಳುತ್ತ ಹೋದರು.

ಅತ್ತೆ ಹೋಗಿ ಮೂರು ವರ್ಷವಾಯಿತು. ತಾತ ಈಗ ತಮ್ಮ ಮಗಳ ಊರಿನಲ್ಲಿದ್ದಾರೆ, ಅರವತ್ತನಾಲ್ಕು. ಕೂದಲು ಹಾಗೇ ಇದೆ, ವಯಸ್ಸೇ ಈಗ ಅದಕ್ಕೆ ತಕ್ಕಷ್ಟಾಗಿದೆ. ನನಗೆ ನಿವೃತ್ತಿಗೆ ಇನ್ನು ಕೆಲವು ವರ್ಷವಿದೆ. ಹೋದ ವಾರ ಫೋನು ಮಾಡಿದ್ದರು. ಈಗ ಏನು ಪ್ರಶ್ನೆ ಕೇಳುತ್ತೀರಿ ಎಂದರು. ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡರು.

"ಅಕ್ಕ," ಎಂದರು ಕೊನೆಗೆ, "ನಿಮ್ಮ ಪ್ರಶ್ನೇಲೇ ಒಂದು ತೂತಿದೆ. ಪೆನ್ನು ತಗೊಳ್ಳಿ."

ನಾನು ಪೆನ್ನು ಹುಡುಕಲು ಎದ್ದೆ.